ಮುನ್ನೂರು ಪದಗಳಲ್ಲಿ ಒಲವು: ಪ್ರೇಮದ ಹನಿಗಥೆ ಕಟ್ಟುವ ಬಗೆ

ಪ್ರೇಮದ ಹನಿಗಥೆ ಬರೆಯಲು ಕೂತವರು ಮೊದಲ ಐವತ್ತು ಪದಗಳನ್ನು ನಾಯಕಿಯ ಮುಂಗುರುಳಿಗೆ, ಗುಳಿಕೆನ್ನೆಗೆ, ಹೊರಗೆ ಸುರಿಯುವ ಮಳೆಗೆ ಕೊಟ್ಟುಬಿಡುತ್ತಾರೆ. ಕಥೆಗೆ ಇರುವುದೇ ಮುನ್ನೂರು ಪದ. ಅದರಲ್ಲಿ ಆರನೇ ಒಂದು ಪಾಲು ಖರ್ಚಾದ ಮೇಲೂ ಓದುಗರಿಗೆ ತಿಳಿದದ್ದು ಅವಳು ನೋಡಲು ಚೆನ್ನಾಗಿದ್ದಾಳೆ ಎಂಬುದಷ್ಟೇ. ಚೆನ್ನಾಗಿರುವವರು ಊರ ತುಂಬ ಇದ್ದಾರೆ. ಇವನು ಇವಳನ್ನೇ ಯಾಕೆ ನೋಡಿದ?

ಈ ‘ಯಾಕೆ’ಗೆ ಉತ್ತರ ಸಿಗುವುದು ನೋಡಿಸಿಕೊಂಡವರ ರೂಪದಲ್ಲಲ್ಲ, ನೋಡಿದವರ ಸ್ವಭಾವದಲ್ಲಿ. ಒಬ್ಬರು ಇನ್ನೊಬ್ಬರಲ್ಲಿ ಬೇರೆ ಯಾರೂ ಕಾಣದ ಒಂದು ಸಣ್ಣ ಸಂಗತಿಯನ್ನು ಕಂಡರೆ ಸೆಳೆತ ಅಲ್ಲೇ ಹುಟ್ಟಿತು. ಕಂಡವರು ಎಂಥವರು ಎನ್ನುವುದೂ ಅದೇ ವಾಕ್ಯದಲ್ಲಿ ಬಯಲಾಯಿತು. ಕಾದಂಬರಿಕಾರರು ಪಾತ್ರಕ್ಕೊಂದು ಅಧ್ಯಾಯ, ಪ್ರೇಮಕ್ಕೊಂದು ಅಧ್ಯಾಯ ಕೊಡಬಹುದು. ಹನಿಗಥೆಯವರಿಗೆ ಆ ಅನುಕೂಲ ಇಲ್ಲ, ಎರಡೂ ಒಂದೇ ಏಟಿಗೆ ಆಗಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನಿಂದ ಹೊರಟವು. ಹೆಜ್ಜೆ ಹಾಕುತ್ತಲೇ ಒಂದು ಕಥೆಯನ್ನೂ ಕಟ್ಟೋಣ.

ಅಳತೆಯ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಫ್ಲ್ಯಾಶ್ ಫಿಕ್ಷನ್ ಎಂದರೆ ಸಾಮಾನ್ಯವಾಗಿ ಸಾವಿರ ಪದದೊಳಗೆ, ಡ್ರ್ಯಾಬಲ್ ಎಂದರೆ ಸರಿಯಾಗಿ ನೂರು ಪದ. ಆ ಲೆಕ್ಕವನ್ನು ಹಾಗೇ ಇಲ್ಲಿಗೆ ತರಬೇಡಿ. ‘ಬರಲಾರದವಳಂತೆ’ ಎಂಬ ನಮ್ಮ ಒಂದು ಪದಕ್ಕೆ ಅವರಿಗೆ ಐದಾರು ಪದ ಬೇಕು. ಕನ್ನಡದಲ್ಲಿ ನೂರರಿಂದ ಮುನ್ನೂರು ಪದ ಧಾರಾಳವಾಯಿತು.

ಹೆಜ್ಜೆ 1: ಎರಡು ಸಾಲಿನ ಕಥೆಯೊಂದನ್ನು ಬಿಚ್ಚಿ ನೋಡಿ

ಶಾತವಾಹನ ದೊರೆ ಹಾಲನ ಹೆಸರಿನಲ್ಲಿ ಉಳಿದುಬಂದಿರುವ ‘ಗಾಥಾಸಪ್ತಶತಿ’ ಪ್ರಾಕೃತದ ಏಳುನೂರು ಬಿಡಿಪದ್ಯಗಳ ಸಂಕಲನ. ಒಂದೊಂದೂ ಎರಡೇ ಸಾಲು. ಹಳ್ಳಿಯ ಹೆಂಗಸರು, ಬೇಸಾಯಗಾರರು, ದಾರಿಹೋಕರು, ಅತ್ತೆ-ಸೊಸೆಯರು ತುಂಬಿಕೊಂಡಿರುವ ಈ ಪುಸ್ತಕವನ್ನು ನಾನು ಹನಿಗಥೆಯ ಪಠ್ಯ ಎಂದೇ ಓದುತ್ತೇನೆ. ಅದರಲ್ಲೊಂದು ಗಾಥೆಯ ಸಾರ ಇಷ್ಟು: ಅರವಟ್ಟಿಗೆಯಲ್ಲಿ ದಾರಿಹೋಕನೊಬ್ಬ ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದಾನೆ. ಕಣ್ಣು ಮೇಲಕ್ಕೆತ್ತಿದ್ದಾನೆ, ಬೆರಳುಗಳ ಸಂದು ಬಿಟ್ಟಿದ್ದಾನೆ. ನೀರು ಸೋರುತ್ತಿದೆ. ಅವನು ಹಾಗೆ ಮಾಡಿದಷ್ಟೂ ನೀರೆರೆಯುವವಳು ಧಾರೆಯನ್ನು ಸಣ್ಣ ಮಾಡುತ್ತಾಳೆ.

ಮುಗಿಯಿತು. ಹೆಸರಿಲ್ಲ, ರೂಪವಿಲ್ಲ, ಮಾತಿಲ್ಲ, ಪ್ರೀತಿ ಎಂಬ ಸದ್ದೇ ಇಲ್ಲ. ಇರುವುದೇನು ನೋಡಿ. ಇಬ್ಬರಿಗೂ ಅಲ್ಲಿರಲು ಒಂದು ನ್ಯಾಯವಾದ ಕಾರಣ ಇದೆ: ಅವನಿಗೆ ಬಾಯಾರಿಕೆ, ಅವಳಿಗೆ ನೀರು ಕೊಡುವ ಕೆಲಸ. ಇಬ್ಬರೂ ಆ ಕೆಲಸವನ್ನು ಸ್ವಲ್ಪ ಕೆಡಿಸುತ್ತಾರೆ. ಅವನ ಕಳ್ಳಾಟ ಅವಳಿಗೆ ತಿಳಿಯಿತು, ತಿಳಿದದ್ದಕ್ಕೆ ಅವಳ ಉತ್ತರವೂ ಕಳ್ಳಾಟವೇ. ಅವಳು ಧಾರೆ ಸಣ್ಣ ಮಾಡದಿದ್ದರೆ ಇದು ಒಬ್ಬ ದಾರಿಹೋಕನ ಚಪಲದ ಕಥೆಯಾಗುತ್ತಿತ್ತು. ಎರಡನೆಯ ಸಾಲಿನಿಂದಲೇ ಅದು ಪ್ರೇಮಕಥೆ.

ನಮ್ಮ ಕಥೆಗೂ ಇದೇ ಮೈಕಟ್ಟು ಇಟ್ಟುಕೊಳ್ಳೋಣ: ಒಂದು ಕೆಲಸ, ಅದರೊಳಗೆ ಎರಡು ಕಳ್ಳಾಟ, ಒಬ್ಬೊಬ್ಬರದು ಒಂದೊಂದು.

ಹೆಜ್ಜೆ 2: ಇಬ್ಬರನ್ನೂ ಕೆಲಸದಲ್ಲಿ ತೊಡಗಿಸಿ

ಪಾರ್ಕಿನ ಬೆಂಚು, ಕಾಫಿ ಅಂಗಡಿ, ಮಳೆಗೆ ನಿಂತ ಬಸ್‌ಸ್ಟ್ಯಾಂಡು. ಇಲ್ಲೆಲ್ಲ ಪಾತ್ರಗಳಿಗೆ ಮಾಡಲು ಏನೂ ಇರುವುದಿಲ್ಲ. ಏನೂ ಇಲ್ಲದವರು ಒಬ್ಬರನ್ನೊಬ್ಬರು ನೋಡುತ್ತಾ ಕೂರುತ್ತಾರೆ, ಬರೆಯುವವರು ಕಣ್ಣಿನ ವರ್ಣನೆಗೆ ಇಳಿಯುತ್ತಾರೆ. ಇಬ್ಬರೂ ಮತ್ತೆ ಮತ್ತೆ ಎದುರಾಗಲೇಬೇಕಾದ, ಒಂದು ವಸ್ತು ಕೈಯಿಂದ ಕೈಗೆ ಹೋಗುವ ಜಾಗ ಹುಡುಕಿ: ಹಾಲಿನ ಡೇರಿ, ಪಡಿತರ ಅಂಗಡಿ, ಜೆರಾಕ್ಸ್ ಅಂಗಡಿ, ಪಂಚಾಯ್ತಿ ಲೈಬ್ರರಿ, ಟೈಲರ್ ಅಂಗಡಿ.

ನಾವು ಸರ್ಕಾರಿ ಕೆಂಪು ಬಸ್ಸನ್ನು ತೆಗೆದುಕೊಳ್ಳೋಣ. ಕಂಡಕ್ಟರ್ ರತ್ನಾ, ದಿನವೂ ಹತ್ತುವ ಒಬ್ಬ ಶಾಲಾ ಮೇಷ್ಟ್ರು. ಬಸ್ಸೇ ಯಾಕೆಂದರೆ ಅಲ್ಲಿ ಚಿಲ್ಲರೆಯ ವ್ಯವಹಾರ ಇದೆ. ಚಿಲ್ಲರೆ ಇಲ್ಲದಾಗ ಕಂಡಕ್ಟರು ಬಾಕಿ ಹಣವನ್ನು ಟಿಕೆಟಿನ ಬೆನ್ನಿಗೆ ಬರೆದುಕೊಡುತ್ತಾರೆ, ಇಳಿಯುವಾಗ ಕೇಳಿ ಪಡೆಯಬೇಕು. ಗಡಿಬಿಡಿಯಲ್ಲಿ ಇಳಿದು, ಬಸ್ಸು ತಿರುವು ದಾಟಿದ ಮೇಲೆ ಟಿಕೆಟು ನೋಡಿ ಹಣೆ ಚಚ್ಚಿಕೊಂಡವರು ಕರ್ನಾಟಕದಲ್ಲಿ ಎಷ್ಟಿಲ್ಲ! ಸಾಲ ಕಥೆಗಾರರಿಗೆ ಬಹಳ ಉಪಕಾರಿ. ಬಾಕಿ ಇದ್ದರೆ ಮತ್ತೆ ಭೇಟಿಯಾಗಲು ಕಾರಣ ಹುಡುಕಬೇಕಿಲ್ಲ.

ಕೆಲಸ ಆರಿಸಿದ ಮೇಲೆ ಅದರ ನಿಯಮಗಳನ್ನು ಪರೀಕ್ಷಿಸಿ. ಇಲ್ಲಿ ಕಂಡಕ್ಟರ್ ಗಂಡಸು, ಪ್ರಯಾಣಿಕರು ಹೆಂಗಸು ಎಂದು ತಿರುಗಿಸಿದರೆ ಕಥೆ ಕುಸಿಯುತ್ತದೆ. ಶಕ್ತಿ ಯೋಜನೆ ಜಾರಿಯಾದ 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಸಿಗುವುದು ಶೂನ್ಯ ಟಿಕೆಟು. ಸೊನ್ನೆಯಲ್ಲಿ ಬಾಕಿ ಹುಟ್ಟುವುದಿಲ್ಲ. ಹಾಗಾಗಿ ದುಡ್ಡು ಕೊಡುವವರು ಮೇಷ್ಟ್ರೇ ಆಗಬೇಕು. ಇನ್ನೊಂದು ತೊಡಕು: ಫೋನಿನಲ್ಲೇ ದುಡ್ಡು ಕೊಡಬಹುದಾದ ಕಾಲದಲ್ಲಿ ನೋಟು ಯಾಕೆ? ಅದಕ್ಕೆ ಕಥೆಯನ್ನು ಸಿಗ್ನಲ್ ಸಿಗದ ಮಲೆನಾಡಿನ ದಾರಿಗೆ ಒಯ್ದರೆ ಸಾಕು. ಇದನ್ನೆಲ್ಲ ಕಥೆಯಲ್ಲಿ ವಿವರಿಸಬೇಕಿಲ್ಲ. ‘ಘಟ್ಟದ ತಿರುವು’ ಎಂಬೆರಡು ಪದ ಇದ್ದರೆ ಓದುಗರೇ ಊಹಿಸುತ್ತಾರೆ. ಆದರೆ ಬರೆಯುವವರಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಬಸ್ಸಲ್ಲಿ ದಿನಾ ಓಡಾಡುವ ಯಾರೋ ಒಬ್ಬರು ಎರಡನೇ ಸಾಲಿಗೇ ಕಥೆ ಕೆಳಗಿಡುತ್ತಾರೆ.

ಹೆಜ್ಜೆ 3: ಒಂದು ಅಭ್ಯಾಸ, ಇನ್ನೊಬ್ಬರ ಕಣ್ಣಲ್ಲಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳಬೇಕಾದ ಹೆಜ್ಜೆ ಇದು. ಮೇಷ್ಟ್ರು ಎಂಥವರು ಎಂದು ಹೇಳಲು ಹೊಸಬರು ಹೀಗೆ ಬರೆಯುತ್ತಾರೆ: ‘ಅವರು ಶಿಸ್ತಿನ, ಸರಳ, ಮಿತಭಾಷಿ ವ್ಯಕ್ತಿ.’ ಮೂರು ವಿಶೇಷಣ, ಮೂರನ್ನೂ ಓದುಗರು ನಂಬಬೇಕು ಎಂಬ ಒತ್ತಾಯ. ಇದು ಯಾರ ಕಣ್ಣು? ಯಾರದೂ ಅಲ್ಲ, ವರದಿಗಾರನದು.

ರತ್ನಾಳ ಕಣ್ಣಿಂದ ನೋಡಿ. ಬೆಳಗಿನ ರಶ್ಶಿನಲ್ಲಿ ಕಂಡಕ್ಟರಿಗೆ ಮುಖಗಳಿಗಿಂತ ಮೊದಲು ಕಾಣುವುದು ಕೈಗಳು, ಕೈಯಲ್ಲಿನ ನೋಟುಗಳು. ಹೀಗಾಗಿ ಅವಳಿಗೆ ಮೇಷ್ಟ್ರು ಎಂದರೆ, ಇಪ್ಪತ್ತೆರಡು ರೂಪಾಯಿ ಟಿಕೆಟಿಗೆ ಇಪ್ಪತ್ತರ ನೋಟನ್ನು ನಾಲ್ಕಾಗಿ ಮಡಿಸಿ, ಮಡಿಕೆಯೊಳಗೆ ಎರಡು ರೂಪಾಯಿಯ ನಾಣ್ಯ ಇಟ್ಟು ಕೊಡುವವರು. ಈಗ ಶಿಸ್ತು, ಸರಳತೆ, ಮಿತಭಾಷೆ ಮೂರೂ ಬಂದವು. ಜೊತೆಗೆ ರತ್ನಾಳೂ ಬಂದಳು: ಚಿಲ್ಲರೆಗಾಗಿ ದಿನವಿಡೀ ಜಗಳವಾಡಿ ಬೇಸತ್ತ, ಒಬ್ಬ ಮನುಷ್ಯ ತನ್ನ ಕೆಲಸವನ್ನು ಹಗುರ ಮಾಡಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳುವ ಹೆಂಗಸು. ಅವಳಿಗೆ ಅವರು ಯಾಕೆ ಇಷ್ಟ ಎಂದು ಯಾರೂ ಕೇಳುವುದಿಲ್ಲ ಈಗ.

ಸೂತ್ರ ಬೇಕಿದ್ದರೆ ಇಷ್ಟು ಸಾಕು: ಕಸುಬು ಕಣ್ಣನ್ನು ರೂಪಿಸುತ್ತದೆ. ಟೈಲರಿಗೆ ಒಂದು ಭುಜ ಇನ್ನೊಂದಕ್ಕಿಂತ ಇಳಿಜಾರಾಗಿರುವುದು ಕಾಣುತ್ತದೆ. ನರ್ಸಿಗೆ ಮುಂಗೈಯ ನರ ಕಾಣುತ್ತದೆ. ಲೈಬ್ರರಿಯಲ್ಲಿ ಕೂತವರಿಗೆ, ಪುಟದ ಮೂಲೆ ಮಡಿಸದೆ ದಾರದ ಎಳೆ ಇಟ್ಟು ಪುಸ್ತಕ ಹಿಂದಿರುಗಿಸುವ ಓದುಗರು ಕಾಣುತ್ತಾರೆ. ಅಭ್ಯಾಸಕ್ಕಾಗಿ ನಿಮ್ಮ ಪಾತ್ರದ ಕಸುಬನ್ನು ಮೇಲೆ ಬರೆದು, ಆ ಕಸುಬಿನವರು ಮಾತ್ರ ಗಮನಿಸಬಹುದಾದ ಹತ್ತು ಸಂಗತಿಗಳನ್ನು ಪಟ್ಟಿ ಮಾಡಿ. ಮೊದಲ ನಾಲ್ಕೈದು ಎಲ್ಲರಿಗೂ ಹೊಳೆಯುವಂಥವು, ಹೊಡೆದುಹಾಕಿ. ನಿಮಗೆ ಬೇಕಾದ್ದು ಏಳನೆಯದರ ಆಸುಪಾಸಿನಲ್ಲಿ ಇರುತ್ತದೆ.

ಹೆಜ್ಜೆ 4: ಆ ಅಭ್ಯಾಸವನ್ನು ಮುರಿಯಿರಿ, ಮುರಿದದ್ದಕ್ಕೆ ಬೆಲೆ ಇರಲಿ

ದಿನಾ ಸರಿಯಾದ ಚಿಲ್ಲರೆ ಕೊಡುವ ಮನುಷ್ಯ ಒಂದು ದಿನ ಐನೂರರ ನೋಟು ಕೊಟ್ಟರೆ? ಇಷ್ಟೇ ಕಥೆ. ಮೊದಲ ಪ್ಯಾರಾದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ಅದಿಲ್ಲದಿದ್ದರೆ ಐನೂರರ ನೋಟಿಗೆ ಯಾವ ಅರ್ಥವೂ ಇರುತ್ತಿರಲಿಲ್ಲ.

ನೂರರ ನೋಟು ಯಾಕಲ್ಲ ಎಂದು ಕೇಳಬಹುದು. ನೂರು ಕೊಟ್ಟರೆ ಬಾಕಿ 78 ರೂಪಾಯಿ, ಮರೆತರೂ ನಡೆಯುವ ಮೊತ್ತ. ಐನೂರಾದರೆ 478. ರಾತ್ರಿಯಿಡೀ ಅಷ್ಟು ದುಡ್ಡನ್ನು ಹೆಸರೂ ಸರಿಯಾಗಿ ಗೊತ್ತಿಲ್ಲದ ಒಬ್ಬರ ಬಳಿ ಬಿಟ್ಟುಹೋಗಲು ನಂಬಿಕೆ ಬೇಕು. ಸಣ್ಣ ಕಥೆಯಲ್ಲಿ ಅಂಕಿಗಳೂ ಭಾವ ಹೊರುತ್ತವೆ, ಯಾವುದನ್ನೂ ಬಾಯಿಗೆ ಬಂದಂತೆ ಹಾಕಬೇಡಿ.

ಈಗ ಎರಡನೆಯ ಕಳ್ಳಾಟ ರತ್ನಾಳದು. ಬ್ಯಾಗಿನಲ್ಲಿ ಚಿಲ್ಲರೆ ಇದ್ದೂ ಇಲ್ಲ ಅನ್ನುತ್ತಾಳೆ. ಈ ಅರ್ಧವನ್ನು ಮರೆಯುವುದೇ ನಮ್ಮ ಪ್ರೇಮಕಥೆಗಳ ದೊಡ್ಡ ರೋಗ. ಹುಡುಗ ಹಿಂದೆ ಬೀಳುತ್ತಾನೆ, ಕಾಯುತ್ತಾನೆ, ನಂಬರ್ ಸಂಪಾದಿಸುತ್ತಾನೆ. ಹುಡುಗಿ ಕೊನೆಯ ಸಾಲಿನಲ್ಲಿ ನಗುತ್ತಾಳೆ. ಸಿನಿಮಾದ ಎರಡೂವರೆ ಗಂಟೆಯಲ್ಲಿ ಹಾಡು, ಹಾಸ್ಯ, ಹಿನ್ನೆಲೆ ಸಂಗೀತ ಹಾಕಿ ಅದನ್ನು ಮುಚ್ಚಿಹಾಕುತ್ತಾರೆ. ಹನಿಗಥೆಯಲ್ಲಿ ಮುಚ್ಚಲು ಏನೂ ಇಲ್ಲ. ಬೆನ್ನುಹತ್ತುವುದು ಬೆನ್ನುಹತ್ತುವುದಾಗಿಯೇ ಕಾಣುತ್ತದೆ. ಇಬ್ಬರ ಕೈಯಲ್ಲೂ ಒಂದೊಂದು ಆಯ್ಕೆ ಇರಲಿ. ಎರಡನೆಯವರಿಗೆ ‘ಬೇಡ’ ಎನ್ನುವ ದಾರಿ ತೆರೆದೇ ಇದ್ದು, ಅವರು ಆ ದಾರಿ ಹಿಡಿಯಲಿಲ್ಲ ಎಂಬುದು ಓದುಗರಿಗೆ ಕಾಣಬೇಕು.

ಹೆಜ್ಜೆ 5: ಮೈ ಹೇಳುವುದನ್ನು ಮುಚ್ಚಿಡಿ

ಭರತನ ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳನ್ನು, ಅಂದರೆ ಒಳಗಿನದನ್ನು ಮೈ ತಾನಾಗಿ ತೋರಿಸಿಬಿಡುವ ಗುರುತುಗಳನ್ನು, ಎಣಿಸುತ್ತದೆ: ಸ್ತಂಭ (ಮರಗಟ್ಟುವುದು), ಸ್ವೇದ (ಬೆವರು), ರೋಮಾಂಚ, ಸ್ವರಭೇದ (ದನಿ ಒಡೆಯುವುದು), ಕಂಪ (ನಡುಕ), ವೈವರ್ಣ್ಯ (ಬಣ್ಣಗೆಡುವುದು), ಅಶ್ರು (ಕಣ್ಣೀರು), ಪ್ರಲಯ (ಮೂರ್ಛೆ). ನಮ್ಮ ಹನಿಗಥೆಗಳಲ್ಲಿ ಒಂದೇ ಪ್ಯಾರಾದಲ್ಲಿ ಎಂಟೂ ನಡೆದುಹೋಗುತ್ತವೆ. ಎದೆ ಡವಗುಟ್ಟಿತು, ಕೈ ಬೆವರಿತು, ಗಂಟಲು ಕಟ್ಟಿತು, ಕಣ್ಣು ತುಂಬಿತು. ಪಾಪ, ಆಸ್ಪತ್ರೆಗೆ ಸೇರಿಸಬೇಕು ಅನ್ನಿಸುತ್ತದೆ.

ಅದೇ ಶಾಸ್ತ್ರ ಹೇಳುವ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ, ಅಂದರೆ ಬಂದು ಹೋಗುವ ಭಾವಗಳಲ್ಲಿ, ಅವಹಿತ್ಥ ಎಂಬುದೊಂದಿದೆ. ಮನಸ್ಸಿನಲ್ಲಿರುವುದನ್ನು ಮರೆಮಾಚುವುದು. ಕಾಳಿದಾಸನ ಕುಮಾರಸಂಭವದಲ್ಲಿ ಶಿವನ ಪರವಾಗಿ ಬಂದ ಋಷಿ ಹಿಮವಂತನೊಡನೆ ಮದುವೆಯ ಮಾತಾಡುವಾಗ ಪಕ್ಕದಲ್ಲಿದ್ದ ಪಾರ್ವತಿ ತಲೆ ತಗ್ಗಿಸಿ, ಕೈಯಲ್ಲಿದ್ದ ಕಮಲದ ಎಸಳು ಎಣಿಸುತ್ತಾಳೆ. ನಾಚಿದಳು, ಹಿಗ್ಗಿದಳು ಎಂದು ಕವಿ ಹೇಳಲಿಲ್ಲ. ಹನಿಗಥೆಯವರಿಗೆ ಮೂವತ್ತಮೂರರಲ್ಲಿ ಈ ಒಂದು ಸಾಕು.

ಮೈಯ ಸೂಚನೆ ಒಂದೇ ಇರಲಿ, ಅದೂ ಪಾತ್ರಕ್ಕೆ ಬೇಡವಾಗಿ ಹೊರಬಿದ್ದದ್ದಾಗಿರಲಿ. ಮೇಷ್ಟ್ರ ಕಥೆಯಲ್ಲಿ ಅದು ಮೈಯದೂ ಅಲ್ಲ, ಜೇಬಿನದು: ಚಿಲ್ಲರೆ ಇಲ್ಲ ಎಂದವರ ಜೇಬು ಬಸ್ಸು ವಾಲಿದಾಗ ಸದ್ದು ಮಾಡುತ್ತದೆ.

ಹೆಜ್ಜೆ 6: ಮಾತಿನಲ್ಲಿ ‘ಇಲ್ಲ’ ಇರಲಿ

ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನ್ಯಾಲೋಕ’ ಬರೆದಾಗ, ಹೇಳಿದ್ದಕ್ಕೂ ಸೂಚಿಸಿದ್ದಕ್ಕೂ ಇರುವ ಅಂತರ ತೋರಿಸಲು ಎತ್ತಿಕೊಂಡ ಉದಾಹರಣೆಗಳಲ್ಲಿ ಪ್ರಾಕೃತದ ಒಂದು ಗಾಥೆಯೂ ಇದೆ. ಮನೆಯಲ್ಲಿ ತಂಗಿದ ದಾರಿಹೋಕನಿಗೆ ಸೊಸೆ ಹೇಳುತ್ತಾಳೆ: ಅತ್ತೆ ಮಲಗುವುದು ಇಲ್ಲಿ, ನಾನು ಇಲ್ಲಿ, ಬೆಳಕಿರುವಾಗಲೇ ನೋಡಿಕೋ, ಇರುಳುಗುರುಡ, ಕತ್ತಲಲ್ಲಿ ಬಂದು ನಮ್ಮ ಹಾಸಿಗೆಯ ಮೇಲೆ ಬಿದ್ದೀಯೆ. ಮಾತು ಬೇಡ ಎನ್ನುತ್ತದೆ, ದಾರಿಯನ್ನೂ ಗುರುತು ಮಾಡಿಕೊಡುತ್ತದೆ. ಅತ್ತೆ ಕೇಳಿಸಿಕೊಂಡರೂ ತಪ್ಪು ಹುಡುಕಲಾರಳು.

ಪ್ರೇಮದ ಸಂಭಾಷಣೆಗೆ ಇಷ್ಟು ಒಳ್ಳೆಯ ಪರೀಕ್ಷೆ ನನಗೆ ಬೇರೆ ಸಿಕ್ಕಿಲ್ಲ: ನಿಮ್ಮ ಪಾತ್ರಗಳ ಮಾತನ್ನು ಪಕ್ಕದ ಸೀಟಿನವರು ಕೇಳಿಸಿಕೊಂಡರೆ ಅವರಿಗೆ ಅನುಮಾನ ಬರಬಾರದು. ‘ಚಿಲ್ಲರೆ ಇಲ್ವಾ?’ ‘ಇಲ್ಲ.’ ಇಡೀ ಬಸ್ಸು ಕೇಳಬಹುದು. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ವಾಕ್ಯವನ್ನಂತೂ ಕನ್ನಡದಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ. ‘ಇಷ್ಟ’ ಅನ್ನುತ್ತೇವೆ, ಇಲ್ಲವೆಂದರೆ ಇಂಗ್ಲಿಷಿಗೆ ಜಿಗಿಯುತ್ತೇವೆ. ಹೆಚ್ಚಿನವರು ‘ಊಟ ಆಯ್ತಾ?’ ಎಂದು ಕೇಳಿ ಸುಮ್ಮನಾಗುತ್ತಾರೆ.

ಕನ್ನಡಕ್ಕೆ ಇನ್ನೊಂದು ಸೌಕರ್ಯ ಇದೆ, ಇಂಗ್ಲಿಷಿನಲ್ಲಿ ಬರೆಯುವವರು ಹೊಟ್ಟೆಕಿಚ್ಚು ಪಡಬೇಕಾದದ್ದು. ಬಹುವಚನದಿಂದ ಏಕವಚನಕ್ಕೆ ಇಳಿಯುವ ಗಳಿಗೆ. ‘ನೀವು’ ಹೋಗಿ ‘ನೀನು’ ಬಂದರೆ ಒಂದು ಅಧ್ಯಾಯ ದಾಟಿದಂತೆ. ಪ್ರದೇಶಕ್ಕೆ ತಕ್ಕಂತೆ ಇದರ ರೂಪ ಬೇರೆ. ಧಾರವಾಡದ ಕಡೆ ಮಾತಿನ ಕೊನೆಗೆ ಸದಾ ಅಂಟಿಕೊಂಡಿರುವ ‘ರೀ’ ಒಮ್ಮೆ ಬಿಟ್ಟುಹೋದರೆ ಕೇಳುವವರ ಕಿವಿ ನೆಟ್ಟಗಾಗುತ್ತದೆ. ಮಂಗಳೂರು, ಉಡುಪಿ ಕಡೆ ‘ಮಾರಾಯ್ರೆ’ ಇದ್ದದ್ದು ‘ಮಾರಾಯ’ ಆಗುತ್ತದೆ. ‘ಅಣ್ಣ’ ಎಂದು ಕರೆದರೆ ಬಾಗಿಲು ಹಾಕಿದಂತೆ; ದಿನಾ ಅಣ್ಣ ಎನ್ನುತ್ತಿದ್ದವಳು ಒಂದು ದಿನ ಏನೂ ಕರೆಯದೆ ಮಾತಾಡಿದರೆ ಅಲ್ಲೊಂದು ಕಥೆ ಇದೆ.

ಇದನ್ನು ಸಂಭಾಷಣೆಯಲ್ಲಿ ಮಾತ್ರವಲ್ಲ, ನಿರೂಪಣೆಯಲ್ಲೂ ಬಳಸಬಹುದು. ಕಥೆ ರತ್ನಾಳ ಕಣ್ಣಿಂದ ಸಾಗುತ್ತಿದ್ದರೆ ಮೇಷ್ಟ್ರು ‘ಬಂದರು’, ‘ಕೊಟ್ಟರು’, ‘ನಿಂತರು’. ಒಂದೇ ಒಂದು ಕಡೆ ‘ರು’ ಕಳಚಿದರೆ ಅವಳ ಮನಸ್ಸು ಎಲ್ಲಿಗೆ ಬಂದು ನಿಂತಿದೆ ಎಂದು ತಿಳಿಯುತ್ತದೆ. ಒಂದು ಅಕ್ಷರದ ಖರ್ಚು. ಆದರೆ ಅಲ್ಲಿಯವರೆಗೆ ಎಲ್ಲೂ ತಪ್ಪಿಯೂ ಏಕವಚನ ನುಸುಳಿರಬಾರದು, ಎರಡು ಸಲ ಪರೀಕ್ಷಿಸಿ.

ಹೆಜ್ಜೆ 7: ಒಂದೇ ಉಸಿರಿಗೆ ಬರೆಯಿರಿ

ಇಷ್ಟು ಸಿದ್ಧವಾದ ಮೇಲೆ ಬರೆಯುವುದು ಬೇಗ ಆಗುತ್ತದೆ. ನಮ್ಮ ಕಥೆ ಹೀಗೆ ಬಂತು:

ಮೇಷ್ಟ್ರು ಹತ್ತುವುದು ಡೇರಿ ಸ್ಟಾಪಿನಲ್ಲಿ. ಇಪ್ಪತ್ತರ ನೋಟು ನಾಲ್ಕು ಮಡಿಕೆ, ಮಡಿಕೆಯೊಳಗೆ ಎರಡು ರೂಪಾಯಿ. ಊರು ಹೇಳುವುದಿಲ್ಲ, ರತ್ನಾ ಕೇಳುವುದಿಲ್ಲ. ಆ ಟ್ರಿಪ್ಪಿನಲ್ಲಿ ಅವಳ ಬಾಯಿ ನೋಯಿಸದವರು ಅವರೊಬ್ಬರೇ.

ಸೋಮವಾರ ಅವರ ಕೈಯಲ್ಲಿ ಐನೂರರ ನೋಟಿತ್ತು.

“ಚಿಲ್ಲರೆ ಇಲ್ವಾ ಮೇಷ್ಟ್ರೇ?”

“ಇಲ್ಲ.”

ಘಟ್ಟದ ತಿರುವಿನಲ್ಲಿ ಬಸ್ಸು ವಾಲಿತು. ಅವರ ಅಂಗಿಯ ಜೇಬು ಘಲ್ಲೆಂದಿತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಇಳಿಸುತ್ತಿದ್ದಳು. ರತ್ನಾ ಮೆಷಿನ್ನಿನ ಗುಂಡಿ ಒತ್ತಿದಳು. ಟಿಕೆಟಿನ ಬೆನ್ನಿಗೆ 478 ಎಂದು ಬರೆದು, ಕೆಳಗೊಂದು ಗೆರೆ ಎಳೆದು ಕೊಟ್ಟಳು.

ಶಾಲೆ ಬಂತು. ಮೇಷ್ಟ್ರು ಫುಟ್‌ಬೋರ್ಡಿನ ಮೇಲೆ ನಿಂತು ಟಿಕೆಟು ಚಾಚಿದರು. ಬ್ಯಾಗಿನ ಬಾಯಿ ತೆರೆದೇ ಇತ್ತು, ನೂರರ ನೋಟುಗಳು ಇಣುಕುತ್ತಿದ್ದವು. ರತ್ನಾ ಅವುಗಳ ಮೇಲೆ ಅಂಗೈ ಇಟ್ಟಳು.

“ಇನ್ನೂ ಚಿಲ್ಲರೆ ಆಗಿಲ್ಲ. ನಾಳೆ ತಗೊಳ್ಳಿ.”

“ನಾಳೆ ಶಾಲೆಗೆ ರಜೆ.”

“ಬಸ್ಸಿಗೆ ಇಲ್ಲ.”

ಟಿಕೆಟನ್ನು ನಾಲ್ಕಾಗಿ ಮಡಿಸಿ, ನಾಣ್ಯಗಳಿದ್ದ ಜೇಬಿಗೇ ಇಳಿಸಿಕೊಂಡ.

ಇಲ್ಲಿ ‘ನಾಳೆ ಶಾಲೆಗೆ ರಜೆ’ ಎಂಬ ಮಾತನ್ನು ಸ್ವಲ್ಪ ಗಮನಿಸಿ. ಅದು ಇಲ್ಲದಿದ್ದರೆ ಅವರು ನಾಳೆ ಹೇಗೂ ಬರುತ್ತಿದ್ದರು, ಯಾವ ಆಯ್ಕೆಯೂ ಇರುತ್ತಿರಲಿಲ್ಲ. ರಜೆಯ ದಿನ ಬಸ್ಸು ಹತ್ತಿದರೆ ಅದಕ್ಕೆ ಕಾರಣ ಚಿಲ್ಲರೆ ಮಾತ್ರ. ಮುಂದೆ ಏನಾಗಬಹುದು ಎಂಬುದು ಆ ಮೂರು ಪದಗಳಲ್ಲಿದೆ. ಹಾಗೆಯೇ ಮಡಿಕೆ: ಮೊದಲ ಸಾಲಿನಲ್ಲಿ ನೋಟನ್ನು ಮಡಿಸಿದ ಕೈ ಈಗ ಟಿಕೆಟನ್ನು ಮಡಿಸುತ್ತದೆ. ಅಭ್ಯಾಸ ಹೋಗಿಲ್ಲ, ಜಾಗ ಬದಲಿಸಿದೆ.

ಹೆಜ್ಜೆ 8: ಕತ್ತರಿ

ಬರೆದದ್ದನ್ನು ಒಂದೆರಡು ದಿನ ಬಿಟ್ಟು ತೆಗೆಯಿರಿ. ಮೊದಲ ಪ್ಯಾರಾ ಹೊಡೆದುಹಾಕಿ ಓದಿ. ಹೆಚ್ಚಿನ ಕಥೆಗಳು ಎರಡನೆಯ ಪ್ಯಾರಾದಿಂದಲೇ ಶುರುವಾಗುತ್ತವೆ. ಆಮೇಲೆ ಪ್ರೀತಿ, ಹೃದಯ, ಮನಸ್ಸು, ಕಣ್ಣು, ಭಾವನೆ, ಯಾಕೋ, ಏನೋ ಒಂಥರಾ — ಇವುಗಳನ್ನು ಹುಡುಕಿ ತೆಗೆದು, ಕಥೆ ನಿಲ್ಲುತ್ತದೆಯೇ ನೋಡಿ. ‘ಏನೋ ಒಂಥರಾ’ ಇದ್ದ ಕಡೆ ನೀವು ಹೇಳಬೇಕಾದ್ದನ್ನು ಇನ್ನೂ ಕಂಡುಕೊಂಡಿಲ್ಲ ಎಂದೇ ಅರ್ಥ.

ಪಾತ್ರಗಳ ಅದಲು-ಬದಲು ಇನ್ನೊಂದು ಪರೀಕ್ಷೆ. ಮೇಷ್ಟ್ರ ಜಾಗದಲ್ಲಿ ಬೇರೆ ಯಾವುದೋ ನಾಯಕನನ್ನು ನಿಲ್ಲಿಸಿ. ವಾಕ್ಯ ಹಾಗೇ ಹೊಂದಿದರೆ ಅದು ಯಾರ ವಾಕ್ಯವೂ ಅಲ್ಲ. ‘ಅವರ ನಗು ಮುಗ್ಧವಾಗಿತ್ತು’ ಎಲ್ಲರಿಗೂ ಹೊಂದುತ್ತದೆ, ಮಡಿಕೆಯೊಳಗಿನ ಎರಡು ರೂಪಾಯಿ ಹೊಂದುವುದಿಲ್ಲ.

ಕೊನೆಯಲ್ಲಿ ಬಾಂಬು ಇಡುವ ಚಟದ ಬಗ್ಗೆಯೂ ಹೇಳಬೇಕು. ಅವನು ಕುರುಡ, ಅವಳು ಸತ್ತು ವರ್ಷವಾಗಿತ್ತು, ಅಷ್ಟೂ ಕನಸು, ಅವಳ ಕೊರಳಲ್ಲಿ ತಾಳಿ ಇತ್ತು. ಹನಿಗಥೆ ಎಂದರೆ ತಿರುವು ಎಂದು ಯಾರು ಕಲಿಸಿದರೋ. ಪ್ರೇಮಕಥೆಯಲ್ಲಿ ಇಂಥ ತಿರುವು ಬಂದರೆ ಓದುಗರ ಗಮನ ಇಬ್ಬರನ್ನು ಬಿಟ್ಟು ಬರೆದವರ ಜಾಣತನದ ಕಡೆ ಹೋಗುತ್ತದೆ. ಒಂದು ಸಲ ಓದಿದ ಮೇಲೆ ಮತ್ತೆ ಓದಲು ಏನೂ ಉಳಿಯುವುದಿಲ್ಲ. ತಿರುವು ಬೇಕೇ ಬೇಕಿದ್ದರೆ ಅದನ್ನು ಮಧ್ಯದಲ್ಲಿ ಇಡಿ, ಐನೂರರ ನೋಟಿನ ಹಾಗೆ, ಅದರ ಪರಿಣಾಮ ಅನುಭವಿಸಲು ಪಾತ್ರಗಳಿಗೂ ಒಂದಿಷ್ಟು ಸಾಲು ಸಿಗಲಿ.

ಕಡೆಗೆ, ಕಥೆಯನ್ನು ಸಾಹಿತ್ಯದ ಗೆಳೆಯರಿಗಲ್ಲ, ಸುಮ್ಮನೆ ಓದುವ ಯಾರಿಗಾದರೂ ಕೊಡಿ. ಚೆನ್ನಾಗಿದೆಯಾ ಎಂದು ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. ‘ಇಬ್ಬರಲ್ಲಿ ಮೊದಲು ಇಷ್ಟಪಟ್ಟದ್ದು ಯಾರು?’ ಎಂದು ಕೇಳಿ. ‘ಹುಡುಗ’ ಎಂದು ಥಟ್ಟನೆ ಉತ್ತರ ಬಂದರೆ ನಾಲ್ಕನೇ ಹೆಜ್ಜೆಗೆ ವಾಪಸ್ಸು ಹೋಗಿ, ಎರಡನೆಯವರ ಕೆಲಸ ಇನ್ನೂ ಬಾಕಿ ಇದೆ. ‘ಅವಳಿಗೆ ಅವನು ಯಾಕೆ ಇಷ್ಟ ಆದ?’ ಎಂದು ಅವರೇ ತಿರುಗಿ ಕೇಳಿದರೆ ಮೂರನೆಯದಕ್ಕೆ. ‘ನಾಳೆ ಹತ್ತಿದ್ರಾ?’ ಎಂದು ಕೇಳಿದರೆ ಏನೂ ತಿದ್ದಬೇಡಿ, ಉತ್ತರವನ್ನೂ ಹೇಳಬೇಡಿ.